ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ಎರಡನೆಯ ಚೀಲ ಇರಲಿಲ್ಲ



2021ರಲ್ಲೂ ಬಸವ ಜಯಂತಿ ಮನೆಯೊಳಗೇ ಕಳೆಯಿತು. ಹಿಂದಿನ ವರ್ಷ ಏಪ್ರಿಲ್ 26ಕ್ಕೆ ಬಂದಿತ್ತು, ಆ ವರ್ಷ ಮೇ 14ಕ್ಕೆ ಬಂತು, ಎರಡೂ ಸಲ ಬೀದಿ ಬಾಗಿಲು ಹಾಕಿತ್ತು. ಬೆಳಗಾಗುತ್ತಲೇ ಫೋನಿಗೆ ಅಪ್ಪ ಬಸವಣ್ಣನವರ ಭಾವಚಿತ್ರಗಳು ಬರತೊಡಗಿದವು. ಪ್ರತಿ ಚಿತ್ರದ ಕೆಳಗೂ ಅವೇ ಎರಡು ಮಾತು, ಕಾಯಕ ಮತ್ತು ದಾಸೋಹ. ಆ ಚಿತ್ರಗಳನ್ನು ಕಳಿಸಿದವರಲ್ಲಿ ನಾಲ್ಕೈದು ಮಂದಿಯನ್ನು ಹದಿನೇಳು ದಿನಗಳ ಹಿಂದೆ, ಏಪ್ರಿಲ್ 27ರ ಬೆಳಿಗ್ಗೆ, ಬೈಂದೂರಿನ ಪೇಟೆಯಲ್ಲಿ ನಾನೇ ಕಂಡಿದ್ದೆ. ಅಂದು ರಾತ್ರಿ 9ರಿಂದ ರಾಜ್ಯವೆಲ್ಲ ಬಂದ್ ಎಂದು ಹಿಂದಿನ ದಿನ ಸರ್ಕಾರ ಹೇಳಿತ್ತು. ನಿತ್ಯ ಬೆಳಿಗ್ಗೆ 6ರಿಂದ 10ರವರೆಗೆ ದಿನಸಿ ಅಂಗಡಿ ತೆರೆದಿರುತ್ತದೆ ಎಂದೂ ಅದೇ ಬಾಯಿಂದ ಹೇಳಿತ್ತು. ಆ ಎರಡನೆಯ ಮಾತು ಯಾರ ಕಿವಿಗೂ ಬಿದ್ದಂತಿರಲಿಲ್ಲ. ಒಬ್ಬೊಬ್ಬರ ಕಾರಿನ ಹಿಂಬದಿಯಲ್ಲಿ ಮೂರು ಮೂರು ಚೀಲ ಅಕ್ಕಿ, ಪೆಟ್ಟಿಗೆಗಟ್ಟಲೆ ಎಣ್ಣೆ. ಕೊರಳಲ್ಲಿ ಇಷ್ಟಲಿಂಗ.

ಬೇರೆಯವರ ಮೇಲೆ ಕಲ್ಲೆಸೆಯುವ ಮೊದಲು ನನ್ನ ಲೆಕ್ಕ ಒಪ್ಪಿಸುತ್ತೇನೆ. ಅದರ ಹಿಂದಿನ ವರ್ಷ ಅದೇ ಕೆಲಸ ನಾನೂ ಮಾಡಿದವನೇ.

2020ರ ಮಾರ್ಚ್ 19ರಂದು ಪ್ರಧಾನಿಗಳು ಜನತಾ ಕರ್ಫ್ಯೂ ವಿಷಯ ಹೇಳುವಾಗ, ಸಾಮಾನು ಕೂಡಿಡಲು ಮುಗಿಬೀಳಬೇಡಿ ಎಂದು ಬಿಡಿಸಿ ಹೇಳಿದ್ದರು. 24ರ ರಾತ್ರಿ 8ಕ್ಕೆ ಇಪ್ಪತ್ತೊಂದು ದಿನದ ಲಾಕ್‌ಡೌನ್ ಎಂದಾಗ ಮಾತು ಮುಗಿಯುವ ಮೊದಲೇ ನಾನು ಚಪ್ಪಲಿ ಮೆಟ್ಟಿದ್ದೆ. ಮನೆಯಲ್ಲಿ ನಾವು ನಾಲ್ವರು. ದಿನಕ್ಕೆ ಒಂದು ಕಿಲೋ ಅಕ್ಕಿ ಸಾಕು. ಅಂದರೆ 25 ಕಿಲೋದ ಚೀಲವೊಂದಿದ್ದರೆ ಆ ಇಪ್ಪತ್ತೊಂದು ದಿನ ದಾಟಿ ಇನ್ನೂ ನಾಲ್ಕು ದಿನಕ್ಕೆ ಉಳಿಯುತ್ತದೆ. ಅಂಥ ಚೀಲವೊಂದು ಅರ್ಧಕ್ಕಿಂತ ಹೆಚ್ಚು ತುಂಬಿ ಮನೆಯಲ್ಲಿ ಆಗಲೇ ಇತ್ತು. ನಾನು ಎರಡು ತಂದೆ. ಯಾಕೆ ತಂದೆ ಎಂದು ಕೇಳಿದರೆ ಉತ್ತರ ಒಂದೇ: ಮುಂದಿನವನು ಎರಡು ಹೊತ್ತುಕೊಂಡು ಹೋಗುತ್ತಿದ್ದ.

ಮರುದಿನ ಬೆಳಿಗ್ಗೆ ಬೇಳೆ ತರಲು ಮತ್ತೆ ಹೋದೆ. ಅಂಗಡಿಯ ಮೆಟ್ಟಿಲ ಬಳಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕಟ್ಟಡ ಕೆಲಸದವಳು, ಸೊಂಟದಲ್ಲಿ ಕೂಸು. ನನ್ನ ಮಾತಿನ ಧಾಟಿ ಕೇಳಿ ಹತ್ತಿರ ಬಂದಳು. "ಸರ, ನಮ್ಮ ಕಡೇದವರಂಗ ಕಾಣ್ತೀರಿ. ಎರಡ್ ಕಿಲೋ ಅಕ್ಕಿ ಕೊಡಸ್ರಿ. ರೊಕ್ಕ ಐತ್ರಿ, ಅಕ್ಕಿನ ಇಲ್ಲಂತಾರ." ನಾನು ಒಳಗೆ ಹೋಗಿ ಕೇಳಿದೆ. ಅಂಗಡಿಯವರು ತಲೆ ಎತ್ತದೆ ಹೇಳಿದರು: "ಖಾಲಿ ಆಯ್ತ್ ಮಾಸ್ಟ್ರೆ. ನಿನ್ನೆ ನೀವ್ ತಕಂಡ್ ಹೋದ್ದೇ ಕಡೆ ಚೀಲ."

ಅವಳಿಗೆ ಬೇಕಾಗಿದ್ದದ್ದು ಎರಡು ಕಿಲೋ. ದುಡ್ಡು ಅವಳ ಮುಷ್ಟಿಯಲ್ಲಿತ್ತು. ಅವಳು ಬೇಡಲು ಬಂದವಳಲ್ಲ, ಕೊಳ್ಳಲು ಬಂದವಳು. ಹಿಂದಿನ ರಾತ್ರಿ ನಾನು ಅವಳನ್ನು ಬೇಡುವವಳನ್ನಾಗಿ ಮಾಡಿದ್ದೆ. ಮನೆಯಿಂದ ಅಕ್ಕಿ ತಂದುಕೊಟ್ಟೆ, ನಿಜ. ಅದನ್ನು ದಾಸೋಹ ಎಂದು ಕರೆಯಲು ನನಗೆ ಅಂದೂ ನಾಲಿಗೆ ಬರಲಿಲ್ಲ, ಇಂದೂ ಬರುವುದಿಲ್ಲ.

ಅಕ್ಕಿ ನಿಜವಾಗಿ ಕಡಿಮೆ ಇತ್ತೇ? ಆ ಮಾರ್ಚ್‌ನಲ್ಲಿ ಕೇಂದ್ರದ ಉಗ್ರಾಣಗಳಲ್ಲಿ ಐದೂವರೆ ಕೋಟಿ ಟನ್ನಿಗೂ ಮೀರಿ ಧಾನ್ಯವಿತ್ತು. ಏಪ್ರಿಲ್ ಮೊದಲ ದಿನಕ್ಕೆ ಇರಬೇಕೆಂದು ಸರ್ಕಾರವೇ ಇಟ್ಟುಕೊಂಡ ಅಳತೆ ಸುಮಾರು 2 ಕೋಟಿ 10 ಲಕ್ಷ ಟನ್. ಬೇಕಾದ್ದಕ್ಕಿಂತ ಎರಡು ಪಟ್ಟು ಮೀರಿ ಇದ್ದ ದೇಶದಲ್ಲಿ ಬೈಂದೂರಿನ ಅಂಗಡಿಯ ಅಟ್ಟ ಬರಿದಾದದ್ದು ಹೇಗೆ? ಲೆಕ್ಕ ಸುಲಭ. ನೂರಿಪ್ಪತ್ತು ಮನೆಗಳಿಗೆ ಒಂದು ಅಂಗಡಿ ಎಂದುಕೊಳ್ಳಿ. ತಿಂಗಳಿಗೆ ಮನೆಗೊಂದು ಚೀಲ. ಎಲ್ಲರೂ ಒಂದೇ ದಿನ ಬರುವುದಿಲ್ಲವಾದ್ದರಿಂದ ಅಂಗಡಿಯವನು ನಲವತ್ತು ಚೀಲ ಇಟ್ಟುಕೊಂಡು, ಹತ್ತು ದಿನಕ್ಕೊಮ್ಮೆ ಲಾರಿ ತರಿಸುತ್ತಾನೆ. ಒಂದು ರಾತ್ರಿ ಇಪ್ಪತ್ತು ಮನೆಯವರು ಬಂದು ಎರಡೆರಡು ಹೊತ್ತರೆ ಮುಗಿಯಿತು. ಉಳಿದ ನೂರು ಮನೆಗೆ ಲಾರಿ ಬರುವ ತನಕ ಅಕ್ಕಿಯಿಲ್ಲ. ಆ ವಾರ ಲಾರಿಯೂ ಗಡಿಗಳಲ್ಲಿ ನಿಂತಿತ್ತು. ಇಪ್ಪತ್ತು ಮನೆ ಯಾವುದು? ಕೈಯಲ್ಲಿ ಸಂಬಳವಿದ್ದವು, ವಾಹನವಿದ್ದವು. ನೂರು ಮನೆಯಲ್ಲಿ ಕೊನೆಯ ಹತ್ತು ಯಾವುವು? ಅಂದಂದಿನ ಕೂಲಿಯಲ್ಲಿ ಅಂದಂದಿನ ಅಕ್ಕಿ ಕೊಳ್ಳುವವು.

ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕರಾವಳಿಗೆ ದುಡಿಯಲು ಬಂದವರು ಎಷ್ಟಿದ್ದಾರೆಂದು ಘಟ್ಟದ ಮೇಲಿನ ಓದುಗರಿಗೆ ತಿಳಿದಿರಲಿಕ್ಕಿಲ್ಲ. ಹೆದ್ದಾರಿ, ಕಟ್ಟಡ, ಕಲ್ಲುಕೆಲಸ, ಎಲ್ಲದರಲ್ಲೂ ಅವರಿದ್ದಾರೆ. ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಅಲ್ಲಿ ಕೂಡಿಡಲು ಜಾಗವೂ ಇಲ್ಲ, ಹಣವೂ ಇಲ್ಲ. 2020ರ ಮಾರ್ಚ್ 26ರಂದು ಕೇಂದ್ರ ತಲೆಗೆ ತಿಂಗಳಿಗೆ 5 ಕಿಲೋ ಹೆಚ್ಚುವರಿ ಧಾನ್ಯ ಪುಕ್ಕಟೆ ಎಂದು ಸಾರಿತು. ರಾಜ್ಯವೂ ಎರಡು ತಿಂಗಳ ಪಡಿತರವನ್ನು ಒಟ್ಟಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಈ ಜನರ ಚೀಟಿ ಊರಲ್ಲಿ, ಮುದಿ ತಾಯಿಯ ಟ್ರಂಕಿನಲ್ಲಿತ್ತು. ಅವರಲ್ಲಿ ನಮ್ಮವರೂ ಇದ್ದರು, ಅಲ್ಲದವರೂ ಇದ್ದರು. ಯಾರವನು ಎಂದು ಕೇಳುವುದೇ ತಪ್ಪೆಂದು ಹೇಳಿಕೊಟ್ಟ ಧರ್ಮ ನಮ್ಮದು, ಆದ್ದರಿಂದ ಆ ಎಣಿಕೆ ನಾನು ಮಾಡುವುದಿಲ್ಲ.

ಕರಾವಳಿಯ ಮನೆಗಳಲ್ಲಿ ಕೂಡಿಡುವುದು ಹೊಸದಲ್ಲ ಎಂದು ಇಲ್ಲಿನ ಗೆಳೆಯರೊಬ್ಬರು ನನ್ನೊಡನೆ ವಾದಿಸಿದರು. ಅವರ ಮಾತು ಸರಿ, ಅದನ್ನು ಬಿಟ್ಟುಕೊಟ್ಟೇ ಮುಂದೆ ಹೋಗಬೇಕು. ಜೂನ್ ಹಿಡಿಯಿತೆಂದರೆ ಈ ಕಡೆ ಮಳೆ ಬಿಡುವುದಿಲ್ಲ. ಯಾಂತ್ರಿಕ ಮೀನುಗಾರಿಕೆಗೆ ಜೂನ್, ಜುಲೈ ಎರಡು ತಿಂಗಳು ರಜೆ. ಹಳೆಯ ಮನೆಗಳಲ್ಲಿ ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ, ಒಣಮೀನು, ಹಲಸಿನ ಹಪ್ಪಳ, ಉಪ್ಪುನೀರಿನಲ್ಲಿ ಹಾಕಿದ ಹಲಸಿನ ತೊಳೆ, ಮಾವಿನ ಮಿಡಿ, ಒಣಗಿದ ಕಟ್ಟಿಗೆ ಎಲ್ಲ ಮೇ ಮುಗಿಯುವುದರೊಳಗೆ ಅಟ್ಟಕ್ಕೆ ಏರುತ್ತಿದ್ದವು. ಅದು ವಿವೇಕ. ಗದ್ದೆಯಲ್ಲಿ ತಾವೇ ಬೆಳೆದದ್ದು, ಅಂಗಳದಲ್ಲಿ ತಾವೇ ಒಣಗಿಸಿದ್ದು, ಬಿಸಿಲಿದ್ದಷ್ಟು ದಿನ ನಿಧಾನವಾಗಿ ಮಾಡಿದ್ದು. ಅದರಿಂದ ಪಕ್ಕದ ಮನೆಯ ಒಲೆ ಆರುತ್ತಿರಲಿಲ್ಲ. ಮಳೆಯಲ್ಲಿ ಪಕ್ಕದ ಮನೆಯಾಕೆ ಸೇರು ಹಿಡಿದು ಬಂದರೆ ಅದೇ ಮುಡಿಯಿಂದ ಕೊಡುತ್ತಿದ್ದರು. ನಾವು ಮಾಡಿದ್ದು ಅದಲ್ಲ. ಊರಿಗೆಲ್ಲ ಇದ್ದ ಒಂದು ಅಟ್ಟವನ್ನು ಒಂದು ರಾತ್ರಿಯಲ್ಲಿ ನಮ್ಮ ಮನೆಗೆ ಸಾಗಿಸಿದೆವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಹಾಗೆಯೇ ಮನೆಯಲ್ಲಿ ಮುದುಕರಿರುವವರು, ಸಕ್ಕರೆ ಕಾಯಿಲೆಯವರು, ಪದೇ ಪದೇ ಹೊರಗೆ ಹೋಗಬಾರದವರು ಹದಿನೈದು ದಿನದ ಸಾಮಾನು ಒಮ್ಮೆಗೇ ತರಲಿ, ತರಬೇಕು. ನನ್ನ ಜಗಳ ಅವರ ಮೇಲಲ್ಲ. ನನ್ನ ಜಗಳ ಎರಡನೆಯ ಚೀಲದ ಮೇಲೆ.

ಇನ್ನು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಮಾತಿಗೆ ಬರುತ್ತೇನೆ. ಕಥೆ ನಿಮಗೆಲ್ಲ ಬಾಯಿಪಾಠ. ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಚೆಲ್ಲಿತ್ತು, ಅವನು ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಆ ಹೆಚ್ಚಿನ ಅಕ್ಕಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ತಂದಲ್ಲೇ ಸುರಿದು ಬಾ ಎಂದು ಗಂಡನನ್ನು ಹೊರಗಟ್ಟಿದಳು. ಇದನ್ನು ನಾವು ಪ್ರವಚನದಲ್ಲಿ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ, ನಾಟಕ ಆಡಿಸುತ್ತೇವೆ, ಮಕ್ಕಳಿಗೆ ಲಕ್ಕಮ್ಮನ ವೇಷ ಹಾಕಿಸುತ್ತೇವೆ. ಗಮನಿಸಿ, ಆ ಅಕ್ಕಿ ಕದ್ದದ್ದಲ್ಲ. ಯಾರದೋ ಬಾಯಿಂದ ಕಿತ್ತದ್ದೂ ಅಲ್ಲ. ನೆಲಕ್ಕೆ ಬಿದ್ದದ್ದು, ಆಯದಿದ್ದರೆ ಹಕ್ಕಿ ತಿನ್ನುತ್ತಿದ್ದದ್ದು. ಅಂಥದ್ದನ್ನೂ ಆಕೆ ಬೇಡ ಎಂದಳು, ಇಂದಿಗೆ ಬೇಕಾದ್ದು ಇಷ್ಟೇ ಎಂಬ ಒಂದೇ ಕಾರಣಕ್ಕೆ. ಮಾರ್ಚ್ 24ರ ರಾತ್ರಿ ನಾನು ಎರಡು ಚೀಲ ಹೊತ್ತು ಬಾಗಿಲಿಗೆ ಬಂದಾಗ ನನ್ನ ಮನೆಯಲ್ಲಿ ಯಾರೂ "ತಂದಲ್ಲೇ ಇಟ್ಟು ಬಾ" ಎನ್ನಲಿಲ್ಲ. "ಇನ್ನೂ ಒಂದು ಸಿಗಲಿಲ್ಲವಾ?" ಎಂದರು. ನಿಮ್ಮ ಮನೆಯಲ್ಲಿ ಏನೆಂದರು?

ವ್ಯಾಪಾರದಲ್ಲಿರುವ ನಮ್ಮವರಿಗೂ ಒಂದು ಮಾತಿದೆ. 2020ರ ಮಾರ್ಚ್ 13ರಂದು ಮಾಸ್ಕು, ಸ್ಯಾನಿಟೈಸರ್‌ಗಳನ್ನು ಅಗತ್ಯ ವಸ್ತುಗಳೆಂದು ಸರ್ಕಾರ ಘೋಷಿಸಿ, ವಾರದಲ್ಲೇ 200 ಮಿಲಿ ಸ್ಯಾನಿಟೈಸರ್‌ಗೆ 100 ರೂಪಾಯಿ, ಮೂರು ಪದರದ ಮಾಸ್ಕಿಗೆ 10 ರೂಪಾಯಿ ಮೀರಬಾರದೆಂದು ಕಟ್ಟಬೇಕಾಯಿತು. ಕಾನೂನು ಬಂದು ಕೈ ಹಿಡಿಯುವ ತನಕ ಬೆಲೆ ಏರಿಸಿದ ಕೈಗಳಲ್ಲಿ ವಿಭೂತಿ ಹಚ್ಚುವ ಕೈಗಳು ಇರಲೇ ಇಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲಿರಾ? ಅಂಗಡಿ ನಡೆಸುವುದು ಕಾಯಕ. ಮಂದಿಯ ಹೆದರಿಕೆಯನ್ನು ತೂಗಿ ಮಾರುವುದು ಕಾಯಕವಲ್ಲ. ಇದಕ್ಕಿಂತ ಹೆಚ್ಚು ಬಿಡಿಸಬೇಕಾಗಿಲ್ಲ.

ಮಠಗಳ ವಿಷಯ ಹೇಳುವಾಗ ಪೂಜ್ಯರ ಕ್ಷಮೆ ಕೇಳಿಯೇ ಹೇಳುತ್ತೇನೆ. ಈ ಪತ್ರಿಕೆ ನಿಮ್ಮ ಕೈಗೆ ಬರುವುದೂ ಮಠಗಳಿಂದಲೇ. ದಾಸೋಹದ ಮಾತೆತ್ತಿದರೆ ನಾವೆಲ್ಲ ಸಿದ್ಧಗಂಗೆಯತ್ತ ಕೈ ತೋರಿಸುತ್ತೇವೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮೀಜಿಯವರು ಸಾವಿರಾರು ಮಕ್ಕಳಿಗೆ, ಜಾತಿ ಕೇಳದೆ, ದಶಕಗಟ್ಟಲೆ ಉಣಿಸಿದರು. ಅದು ಅವರ ಪುಣ್ಯ. ಅಲ್ಲಿನ ಒಲೆ ಉರಿದರೆ ಬೈಂದೂರಿನಲ್ಲಿ ನನ್ನ ಮನೆಯ ಎರಡನೆಯ ಚೀಲ ಕರಗುವುದಿಲ್ಲ. ಲಾಕ್‌ಡೌನಿನಲ್ಲಿ ಎಷ್ಟೋ ಮಠಗಳು ಸದ್ದಿಲ್ಲದೆ ಅಡಿಗೆ ಮಾಡಿ ಹಂಚಿದವು. ಕೆಲವು ಕಡೆ ಮಾತ್ರ ನಡೆದದ್ದು ಕಿಟ್ ವಿತರಣೆ. ಐದು ಕಿಲೋ ಅಕ್ಕಿ, ಒಂದು ಕಿಲೋ ಬೇಳೆ, ಚೀಲದ ಮೇಲೆ ದಾನಿಯ ಮುಖ, ಕೊಡುವಾಗ ಫೋಟೋ. ಪಡೆಯುವವನು ಮಾಸ್ಕ್ ಕೆಳಗಿಳಿಸಿ ಕ್ಯಾಮೆರಾ ನೋಡಬೇಕು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಆ ಮೇಲು ಕೆಳಗನ್ನು ಅಳಿಸಲೆಂದೇ ಶರಣರು ದಾಸೋಹ ಎಂಬ ಬೇರೆ ಶಬ್ದವನ್ನು ಹಿಡಿದರು. ಫೋಟೋ ತೆಗೆದ ಕ್ಷಣವೇ ಅದು ಹಳೆಯ ದಾನಕ್ಕೆ ಮರಳಿತು.

ಮತ್ತೂ ಒಂದು. ಬೈಂದೂರು, ಕುಂದಾಪುರದ ಎಷ್ಟೋ ಮನೆಗಳ ಗಂಡುಮಕ್ಕಳು ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಇಲ್ಲಿನ ಮನೆ ನಡೆಸುತ್ತಾರೆ. 2020ರ ಮೇ ತಿಂಗಳಲ್ಲಿ ಅವರು ಊರಿಗೆ ಮರಳಿದರು. ಶಿರೂರು ಗಡಿಯಲ್ಲಿ ಇಳಿಸಿ ಶಾಲೆ, ಹಾಸ್ಟೆಲ್, ಲಾಡ್ಜುಗಳಲ್ಲಿ ಕ್ವಾರಂಟೈನ್ ಮಾಡಿದರು. ಜೂನಿನಲ್ಲಿ ಉಡುಪಿ ಜಿಲ್ಲೆ ಅತಿ ಹೆಚ್ಚು ಪ್ರಕರಣಗಳ ಜಿಲ್ಲೆಗಳ ಸಾಲಿಗೆ ಸೇರಿತು. ಆಗ ಮತ್ತೊಮ್ಮೆ ಅಂಗಡಿಗಳಲ್ಲಿ ನೂಕುನುಗ್ಗಲು, ಜೊತೆಗೆ "ಮುಂಬಯಿಯವರು ಬಂದ ಮನೆಗೆ ಸಾಮಾನು ಕೊಡಬೇಡಿ" ಎಂಬ ಪಿಸುಮಾತು. ಎರಡು ತಿಂಗಳ ಹಿಂದೆ ಅವರ ಮನಿಯಾರ್ಡರಿನಲ್ಲಿ ಊರಿನ ಅಂಗಡಿ ನಡೆಯುತ್ತಿತ್ತು ಎಂಬುದು ಮರೆತೇ ಹೋಗಿತ್ತು. ಸೂತಕವಿಲ್ಲ ಎಂದು ಒಂಬೈನೂರು ವರ್ಷದಿಂದ ಹೇಳುತ್ತ ಬಂದ ನಾವು ಆ ಪಿಸುಮಾತಿಗೆ ಎದುರಾಡಿದೆವೇ? ನಾನು ಎರಡು ಕಡೆ ಆಡಿದೆ, ಮೂರನೆಯ ಕಡೆ ಸುಮ್ಮನಿದ್ದೆ.

2018ರ ಮಾರ್ಚ್ 19ರಂದು ರಾಜ್ಯ ಸಚಿವ ಸಂಪುಟ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಬೇಕೆಂದು ಶಿಫಾರಸು ಮಾಡಿದಾಗ ನಾವು ಸಿಹಿ ಹಂಚಿದೆವು. ಆ ಹೋರಾಟದಲ್ಲಿ ನಾನೂ ಇದ್ದೇನೆ, ಮುಂದೆಯೂ ಇರುತ್ತೇನೆ. ಆದರೆ ನಮ್ಮ ಎದುರಾಳಿಗಳು ಕೇಳುವ ಒಂದು ಪ್ರಶ್ನೆಗೆ ಕಡತದಲ್ಲಿ ಉತ್ತರ ಸಿಗುವುದಿಲ್ಲ: ನಿಮ್ಮ ನಡೆಯಲ್ಲಿ ಬೇರೆಯದು ಏನಿದೆ? ಅದಾಗಿ ಸರಿಯಾಗಿ ಎರಡು ವರ್ಷಕ್ಕೆ ಕಾಯಿಲೆ ಬಂತು. ದೇಶದ ಮೊದಲ ಕೋವಿಡ್ ಸಾವು ಬಸವನಾಡಿನ ಕಲಬುರಗಿಯಲ್ಲೇ ಆಯಿತು. ನಡೆ ತೋರಿಸಲು ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕಿರಲಿಲ್ಲ. ದಿನಸಿ ಅಂಗಡಿಯ ಸಾಲಿನಲ್ಲಿ ಲಿಂಗಾಯತ ಯಾರು, ಅಲ್ಲದವರು ಯಾರು ಎಂದು ಗುರುತಿಸಲು ಅಂದು ಯಾವ ನ್ಯಾಯಮೂರ್ತಿಗಳ ಸಮಿತಿಗೂ ಆಗುತ್ತಿರಲಿಲ್ಲ.

ನನ್ನ ಎರಡನೆಯ ಚೀಲದ ಕಥೆ ಹೇಳಿಬಿಡುತ್ತೇನೆ. ಆಷಾಢದ ತೇವಕ್ಕೆ ನುಸಿ ಬಿತ್ತು. ಬಿಸಿಲಿಗೆ ಹಾಕೋಣವೆಂದರೆ ಬಿಸಿಲಿಲ್ಲ. ಜುಲೈನಲ್ಲಿ ಅರ್ಧ ಚೀಲ ಪಕ್ಕದವರ ಹಸುವಿಗೆ ಹೋಯಿತು.

2021ರಲ್ಲಿ ಅದಕ್ಕೇ ಒಂದು ಕೆಲಸ ಹಿಡಿದೆವು. ನಮ್ಮ ಅವ್ವಂದಿರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದರು, ಮಠಕ್ಕೆಂದು. ಇಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಶಿಕ್ಷಕರು, ಬ್ಯಾಂಕಿನವರು, ಒಬ್ಬಿಬ್ಬರು ಪೊಲೀಸರು. ಹನ್ನೊಂದು ಮನೆಯವರು ಆ ಗಡಿಗೆಯನ್ನು ಮತ್ತೆ ಇಟ್ಟಿದ್ದೇವೆ. ವಾರಕ್ಕೊಮ್ಮೆ ಅಕ್ಕಿ ಒಂದು ಕಡೆ ಸೇರುತ್ತದೆ. ಶೆಡ್ಡುಗಳಲ್ಲಿ ಯಾರಿದ್ದಾರೆ, ಎಷ್ಟು ಕೂಸುಗಳು, ಯಾರ ಪಡಿತರ ಚೀಟಿ ಊರಲ್ಲಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇವೆ. ಫೋಟೋ ಇಲ್ಲ. ಕರಾವಳಿಯವರಿಗೆ ಕುಚ್ಚಲಕ್ಕಿ, ನಮ್ಮ ಕಡೆಯವರಿಗೆ ಸಿಕ್ಕರೆ ಜೋಳದ ಹಿಟ್ಟು. ಪಡಿತರದ ಬಿಳಿ ಅಕ್ಕಿ ಇಲ್ಲಿನವರ ಬಾಯಿಗೆ ಹತ್ತುವುದಿಲ್ಲ ಎಂಬುದನ್ನು 2020ರಲ್ಲಿ ಕಲಿತೆವು.

ಪೂಜ್ಯರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪ್ರತಿ ಮಠ, ಪ್ರತಿ ಬಸವ ಕೇಂದ್ರ ಇಂಥ ಒಂದು ಪುಸ್ತಕ ಇಟ್ಟುಕೊಳ್ಳಲಿ. ಬಂದ್ ಘೋಷಣೆಯಾದ ರಾತ್ರಿ ಭಕ್ತರು ಪೇಟೆಗೆ ಓಡುವ ಮೊದಲು ಆ ಪಟ್ಟಿಯ ಮನೆಗಳಿಗೆ ಅಕ್ಕಿ ಮುಟ್ಟಲಿ. 2021ರ ಮೇ ತಿಂಗಳಲ್ಲಿ ತೌಕ್ತೆ ಗಾಳಿ ಮರವಂತೆಯ ದಡ ಕೊರೆದು ಹೋಯಿತು. ಮಳೆ ಹಿಡಿದರೆ ಶೆಡ್ಡಿನವರಿಗೆ ಲಾಕ್‌ಡೌನ್ ಇಲ್ಲದಿದ್ದರೂ ಕೂಲಿಯಿಲ್ಲ. ಪಟ್ಟಿ ಬರೆಯಬೇಕಾದದ್ದು ಮಳೆ ಹಿಡಿಯುವ ಮೊದಲು.