ಬಂದರಿನಲ್ಲಿ ಹಗಲು, ಕಡಲಿನಲ್ಲಿ ಸಂಜೆ

ಪ್ರವಾಸಿ ಹಡಗುಗಳ ವೇಳಾಪಟ್ಟಿಯಲ್ಲಿ ಎರಡು ಬಗೆಯ ದಿನಗಳಿರುತ್ತವೆ. ಒಂದು ಕಡಲಿನ ದಿನ, ಇನ್ನೊಂದು ಬಂದರಿನ ದಿನ. ಕಡಲಿನ ದಿನ ಸುತ್ತಲೂ ನೀರೇ ನೀರು. ಬಂದರಿನ ದಿನ ಹಡಗು ಬೆಳಿಗ್ಗೆ ಧಕ್ಕೆಗೆ ಬಂದು ನಿಲ್ಲುತ್ತದೆ. ಪ್ರಯಾಣಿಕರು ಇಳಿದು ಊರು ನೋಡಿ, ಸಂಜೆ ಹೇಳಿದ ಹೊತ್ತಿಗೆ ಮರಳಿ ಹಡಗು ಹತ್ತಬೇಕು. ತಡವಾದರೆ ಹಡಗು ಕಾಯುವುದಿಲ್ಲ. ಅದು ಹಳ್ಳಿಯ ಬಸ್ಸಲ್ಲ.

ಕುಮಟಾ ತಾಲ್ಲೂಕಿನ ಹಿರೇಗುತ್ತಿಯ ಕುಟುಂಬವೊಂದು ಡಿಸೆಂಬರ್ ತಿಂಗಳ ರಜೆಯಲ್ಲಿ ಇಂಥ ಯಾನಕ್ಕೆ ಹೊರಟಿತು. ಮಗ ಮುಂಬೈಯಲ್ಲಿ ನೌಕರ. ಅವನ ಹೆಂಡತಿ, ಒಂಬತ್ತನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ. ಜೊತೆಗೆ ಊರಿನಲ್ಲೇ ಗಜನಿ ಗದ್ದೆ ನೋಡಿಕೊಂಡಿರುವ ಅಜ್ಜ. ಅಜ್ಜ ಗೋಕರ್ಣ ರೋಡ್ ನಿಲ್ದಾಣದಲ್ಲಿ ಕೊಂಕಣ ರೈಲು ಹತ್ತಿ ಮುಂಬೈಗೆ ಹೋದರು. ಅಲ್ಲಿ ಹಡಗು ಹತ್ತಿ ಮರುದಿನ ಬೆಳಿಗ್ಗೆ ಗೋವಾದ ಮುರಗಾಂವ್ ಬಂದರಿಗೆ ಬಂದರು. "ಅರ್ಧ ದಾರಿ ಮನೆಗೇ ಬಂದ ಹಾಗಾಯ್ತಲ್ಲ!" ಎಂದು ನಕ್ಕರು.

ಮುಂಬೈಯಿಂದ ಮುರಗಾಂವಿಗೆ ಸಮುದ್ರದ ದಾರಿ 400 ಕಿಲೋಮೀಟರಿಗೆ ತುಸು ಹೆಚ್ಚು. ಹಡಗಿನ ವೇಗವನ್ನು ನಾಟ್‌ಗಳಲ್ಲಿ ಹೇಳುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. 15 ನಾಟ್ ವೇಗದಲ್ಲಿ ಹೋದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಅಂದರೆ ಹದಿನೈದು ಗಂಟೆಗಳ ಹಾದಿ. ರೈಲಿಗಿಂತ ನಿಧಾನವೇ. ಆದರೆ ಇದು ಊಟ, ನಿದ್ದೆ, ಈಜುಕೊಳ, ನಾಟಕಶಾಲೆಗಳ ಸಮೇತ ಚಲಿಸುವ ಒಂದು ಪುಟ್ಟ ಪೇಟೆ.

ಇಂಥ ಹಡಗು ಎಷ್ಟು ದೊಡ್ಡದು? 2021ರಲ್ಲಿ ಮುಂಬೈಯಿಂದ ಯಾನ ಆರಂಭಿಸಿದ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗನ್ನೇ ತೆಗೆದುಕೊಳ್ಳಿ. 1990ರಲ್ಲಿ ಸೇವೆಗಿಳಿದ ಅದರ ಉದ್ದ ಸುಮಾರು 210 ಮೀಟರ್, ಅಗಲ ಸುಮಾರು 30 ಮೀಟರ್. ಅದರ 'ಗ್ರಾಸ್ ಟನೇಜ್' 48 ಸಾವಿರಕ್ಕೂ ಮಿಕ್ಕಿದ್ದು. ಹೆಸರಿನಲ್ಲಿ ಟನ್ ಇದ್ದರೂ ಇದು ತೂಕವಲ್ಲ. ಹಡಗಿನ ಒಳಗಿನ ಒಟ್ಟು ಜಾಗದ ಅಳತೆ. ತೂಕದ ವಿಚಾರ ಬೇರೆಯೇ.

ಸಾವಿರ ಜನ ಇಳಿದರೆ?

ಬೆಳಿಗ್ಗೆ ಬಂದರಿನ ಪೈಲಟ್ ಹಡಗನ್ನೇರಿದರು. 'ಪೈಲಟ್' ಎಂದೊಡನೆ ಹುಡುಗ ಆಕಾಶ ನೋಡಿದ! ಬಂದರಿನ ಆಳ, ಸೆಳವು, ಮರಳದಿಬ್ಬಗಳನ್ನೆಲ್ಲ ಬಲ್ಲ ದಾರಿಗಾರನಿಗೂ ಅದೇ ಹೆಸರು. ಎಂಥ ಅನುಭವಿ ಕಪ್ತಾನನಾದರೂ ಪರವೂರಿನ ಬಂದರಿನಲ್ಲಿ ಅವರ ಮಾತು ಕೇಳಬೇಕು. ಟಗ್ ದೋಣಿಗಳು ಹಡಗನ್ನು ಮೆಲ್ಲನೆ ಧಕ್ಕೆಗೆ ಒತ್ತಿದವು. ಜನ ಸಾಲುಗಟ್ಟಿ ಇಳಿಯತೊಡಗಿದರು.

"ಅಜ್ಜಾ, ಇಷ್ಟು ಜನ ಇಳಿದರೆ ಹಡಗು ಮೇಲೆ ಏಳುವುದಿಲ್ಲವೇ?" ಎಂದು ಹುಡುಗ ಕೇಳಿದ.

"ಏಳಲೇಬೇಕು ತಮಾ. ನಮ್ಮ ಪಾತಿದೋಣಿಯಿಂದ ಒಬ್ಬ ಇಳಿದರೂ ತಿಳಿಯುತ್ತದೆ. ಇದು ಎಷ್ಟು ಏಳುತ್ತದೋ ನಿನ್ನ ಅಕ್ಕನನ್ನು ಕೇಳು."

ಅಕ್ಕ ಲೆಕ್ಕ ಹಾಕಿದಳು. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಇದು ಆರ್ಕಿಮಿಡೀಸನ ತತ್ವ. ಹಡಗನ್ನು 200 ಮೀಟರ್ ಉದ್ದ, 30 ಮೀಟರ್ ಅಗಲದ ಪೆಟ್ಟಿಗೆ ಎಂದುಕೊಂಡರೆ ಅದರ ತಳ 6,000 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮೇಲೇಳಬೇಕಾದರೆ 60 ಘನ ಮೀಟರ್ ನೀರಿನಷ್ಟು, ಅಂದರೆ ಸುಮಾರು 60 ಟನ್ ತೂಕ ಇಳಿಯಬೇಕು. ಒಬ್ಬೊಬ್ಬರು 60 ಕಿಲೋ ಎಂದರೆ ಸಾವಿರ ಜನರ ತೂಕ 60 ಟನ್. ಸಾವಿರ ಜನ ಇಳಿದರೂ ಹಡಗು ಮೇಲೇಳುವುದು ಒಂದೇ ಒಂದು ಸೆಂಟಿಮೀಟರ್! ನಿಜವಾದ ಹಡಗು ಪೆಟ್ಟಿಗೆಯಂತಿರದೆ ಮುಂದೆ ಚೂಪಾಗಿರುವುದರಿಂದ ಉತ್ತರ ಅಲ್ಪಸ್ವಲ್ಪ ಬದಲಾದೀತು, ಅಷ್ಟೇ.

ಹಗಲು ಕಳೆಯಲು ಅವರು ದೂರ ಹೋಗಲಿಲ್ಲ. ಸಂಜೆ ನಾಲ್ಕಕ್ಕೆ ಮರಳಬೇಕಾದವರು ಗೋವಾ ಪೂರ್ತಿ ನೋಡುತ್ತೇವೆಂದು ಹೊರಟರೆ ಕಾರಿನ ಕಿಟಕಿಯನ್ನಷ್ಟೇ ನೋಡಿ ಬರಬೇಕಾಗುತ್ತದೆ. ಬಂದರಿಗೆ ಹತ್ತಿರದ ವಾಸ್ಕೋ ಪಟ್ಟಣದ ಆಚೆ ನೌಕಾ ವಿಮಾನಗಳ ವಸ್ತುಸಂಗ್ರಹಾಲಯವಿದೆ. 1998ರಲ್ಲಿ ತೆರೆದದ್ದು. ಅಲ್ಲಿ ನಮ್ಮ ವಿಮಾನವಾಹಕ ನೌಕೆಯಿಂದ ಹಾರುತ್ತಿದ್ದ 'ಸೀ ಹಾಕ್' ವಿಮಾನವನ್ನು ಮಕ್ಕಳು ಸುತ್ತುಹಾಕಿ ನೋಡಿದರು. ಊಟ ಮುಗಿಸಿ, ಮೂರೂವರೆಗೆಲ್ಲ ಧಕ್ಕೆಗೆ ಮರಳಿದರು.

ಎರಡು ಸೂರ್ಯಾಸ್ತಗಳು

ಐದು ಗಂಟೆಗೆ ಹಗ್ಗ ಬಿಚ್ಚಿದರು. ಹಡಗು ಜುವಾರಿ ನದಿಯ ಅಳಿವೆಯಿಂದ ಹೊರಬಿದ್ದು ಉತ್ತರಕ್ಕೆ ತಿರುಗಿತು. ಹೆಚ್ಚಿನವರು ಸಂಗೀತ, ತಿಂಡಿಗಳ ಕಡೆ ನಡೆದರು. ಅಕ್ಕ ತಮ್ಮ ಮಾತ್ರ ತಮ್ಮ ಗಡಿಯಾರಗಳನ್ನು ಸೆಕೆಂಡಿಗೆ ಸೆಕೆಂಡು ಸರಿಹೊಂದಿಸಿಕೊಂಡರು. ಅಕ್ಕ ಅಜ್ಜನ ಜೊತೆ ಮೇಲಿನ ಡೆಕ್ಕಿಗೆ ಹೋದಳು. ತಮ್ಮ ಅಮ್ಮನ ಜೊತೆ ಕೆಳಗಿನ ಡೆಕ್ಕಿನಲ್ಲಿ ನಿಂತ. ಸೂರ್ಯನ ಕೊನೆಯ ಕೆಂಪು ಗೆರೆ ನೀರಿನಲ್ಲಿ ಮುಳುಗಿದ ಕ್ಷಣವನ್ನು ಇಬ್ಬರೂ ಬರೆದುಕೊಂಡರು. ಅಕ್ಕನ ಸೂರ್ಯ ತಮ್ಮನ ಸೂರ್ಯನಿಗಿಂತ 13 ಸೆಕೆಂಡು ತಡವಾಗಿ ಮುಳುಗಿದ್ದ!

ಭೂಮಿ ದುಂಡಗಿದೆ, ಎತ್ತರಕ್ಕೆ ಹೋದಷ್ಟೂ ದಿಗಂತ ದೂರ ಸರಿಯುತ್ತದೆ. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 10 ಮೀಟರ್ ಎತ್ತರದ ತಮ್ಮನಿಗೆ ದಿಗಂತ 11 ಕಿಲೋಮೀಟರ್ ಆಚೆ. 25 ಮೀಟರ್ ಎತ್ತರದ ಅಕ್ಕನಿಗೆ ಸುಮಾರು 18 ಕಿಲೋಮೀಟರ್. ಆದ್ದರಿಂದ ಅವಳಿಗೆ ಸೂರ್ಯ ಇನ್ನೂ ಕೊಂಚ ಕಾಣುತ್ತಿದ್ದ. ಲೆಕ್ಕದಂತೆ ಈ ವ್ಯತ್ಯಾಸ ಹದಿನಾಲ್ಕು ಸೆಕೆಂಡಿನ ಆಸುಪಾಸು. ಮಕ್ಕಳ ಕೈಗಡಿಯಾರಕ್ಕೆ ಅದೇನೂ ಕಡಿಮೆ ಸಾಧನೆಯಲ್ಲ. (ಸೂರ್ಯನನ್ನು ನೇರವಾಗಿ ದಿಟ್ಟಿಸಿ ನೋಡಬಾರದು. ಕೊನೆಯ ಗೆರೆ ಮಾತ್ರ ಉಳಿದಾಗ ನೋಡಿದರೆ ಸಾಕು.)

ಅಜ್ಜ ಮಾತ್ರ ದಕ್ಷಿಣದ ಕಡೆಗೇ ನೋಡುತ್ತಿದ್ದರು. "ನಮ್ಮ ಬದಿಯ ದೀಪ ಒಂದೂ ಕಾಣುವುದಿಲ್ಲವೇ?" ಮೊಮ್ಮಗಳು ಅದನ್ನೂ ಲೆಕ್ಕ ಹಾಕಿದಳು. 60 ಮೀಟರ್ ಎತ್ತರದಲ್ಲಿ ದೀಪಸ್ತಂಭ ಉರಿದರೂ ಈ ಡೆಕ್ಕಿಗೆ ಅದು ಕಾಣುವುದು ಸುಮಾರು 45 ಕಿಲೋಮೀಟರ್ ತನಕ. ಹಿರೇಗುತ್ತಿ ನೇರ ಗೆರೆಯಲ್ಲಿ ನೂರು ಕಿಲೋಮೀಟರಿಗೂ ಆಚೆ. "ಇಲ್ಲ ಅಜ್ಜ, ಊರು ಭೂಮಿಯ ಉಬ್ಬಿನ ಆ ಕಡೆ ಇದೆ."

ಹಿಂದಿನ ದಿನ ಮುಂಬೈಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ತೊಡುವ ಕ್ರಮ ತೋರಿಸಿ, ಅಪಾಯದ ವೇಳೆ ಸೇರಬೇಕಾದ ಜಾಗ ತೋರಿಸಿದ್ದರು. ಅಪ್ಪನಿಗೆ ಅದು ಹೊತ್ತು ಕಳೆಯುವ ಕೆಲಸವೆನಿಸಿತ್ತು. ಆಗ ಅಜ್ಜ ತಮ್ಮ ತಂದೆ ಹೇಳುತ್ತಿದ್ದ 'ರಾಮದಾಸ'ನ ಕಥೆ ನೆನಪಿಸಿದ್ದರು. 1947ರ ಜುಲೈ 17ರಂದು ಮುಂಬೈಯಿಂದ ರೇವಸ್ ಕಡೆಗೆ ಹೊರಟ ಆ ಆಗಬೋಟು ಮಳೆಗಾಲದ ಕಡಲಿನಲ್ಲಿ ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. 'ಆಗ' ಎಂದರೆ ಬೆಂಕಿ. ಬೆಂಕಿಯಿಂದ ಉಗಿ ಮಾಡಿಕೊಂಡು ಓಡುವ ಬೋಟು ಆಗಬೋಟು. ನಮ್ಮ ಕರಾವಳಿಯವರು ಮುಂಬೈ ಕಂಡದ್ದು ಮೊದಲು ಆ ದಾರಿಯಲ್ಲೇ. ಕಥೆ ಕೇಳಿದ ಮೇಲೆ ಅಪ್ಪ ಮರುಮಾತಿಲ್ಲದೆ ಜಾಕೆಟಿನ ಪಟ್ಟಿ ಬಿಗಿದುಕೊಂಡಿದ್ದರು.

ತದಡಿಗೆ ಏಕಿಲ್ಲ?

ರಾತ್ರಿಯ ಊಟದ ಮೇಜಿನಲ್ಲಿ ಮಗಳು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದಾಗಿತ್ತು. "ಈ ಹಡಗು ನಮ್ಮ ತದಡಿಗೆ ಏಕೆ ಬರುವುದಿಲ್ಲ?"

ಇಂಥ ಹಡಗಿನ ತಳ ನೀರಿನ ಮಟ್ಟದಿಂದ ಸುಮಾರು 7 ಮೀಟರ್ ಕೆಳಗಿರುತ್ತದೆ. ನೆಲಕ್ಕೆ ತಾಗದಂತೆ ಅದರ ಕೆಳಗೂ ನೀರು ಬೇಕು. ಉಪ್ಪುನೀರಿಗಿಂತ ಸಿಹಿನೀರು ಹಗುರ. ಸಮುದ್ರದ ಒಂದು ಘನ ಮೀಟರ್ ನೀರು ಸುಮಾರು 1,025 ಕಿಲೋ ತೂಗಿದರೆ ಸಿಹಿನೀರು 1,000 ಕಿಲೋ. ಆದ್ದರಿಂದ ಸಮುದ್ರದಿಂದ ಸಿಹಿನೀರಿಗೆ ಬಂದ ಹಡಗು ಇನ್ನೂ ಹದಿನೇಳು ಸೆಂಟಿಮೀಟರಿನಷ್ಟು ಮುಳುಗುತ್ತದೆ. ಅಘನಾಶಿನಿಯ ಅಳಿವೆಯಾದರೋ ಇಳಿತದ ಹೊತ್ತಿಗೆ ಹೆಂಗಸರು ನೀರಿನಲ್ಲಿ ನಿಂತು ಬಳಚು ಹೆಕ್ಕುವ ಜಾಗ. ಅಲ್ಲಿ ದೊಡ್ಡ ಹಡಗು ಬರಬೇಕಾದರೆ ಹೂಳೆತ್ತಿ ಆಳವಾದ ಕಾಲುವೆ ತೋಡಬೇಕು. ಪ್ರತಿ ಮಳೆಗಾಲದ ನಂತರ ಮತ್ತೆ ತೋಡಬೇಕು.

"ತೋಡಲಿ. ಬಂದರು ಆಗಿದ್ದರೆ ನಾನು ಮುಂಬೈಗೆ ಹೋಗಬೇಕಿರಲಿಲ್ಲ" ಎಂದರು ಅಪ್ಪ. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಒಂದು ಕಾಲಕ್ಕೆ ಧಾರವಾಡ ಕಡೆಯ ಹತ್ತಿ ಘಟ್ಟವಿಳಿದು ಕುಮಟಾದಲ್ಲಿ ಹಡಗೇರುತ್ತಿತ್ತು. 'ಕುಮಟಾ ಹತ್ತಿ' ಎಂಬ ಹೆಸರೇ ಅದಕ್ಕೆ ಬಿದ್ದಿತ್ತು. ಬಂದರು ಹೋದ ಊರಿನ ಮಕ್ಕಳು ದೂರ ಹೋಗುತ್ತಾರೆ.

ಅಜ್ಜ ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಹೊಳೆ ತೋಡಿದರೆ ಉಪ್ಪುನೀರು ಎಲ್ಲಿ ತನಕ ಏರುತ್ತದೆ? ನನ್ನ ಗಜನಿಯ ಕಗ್ಗ ಭತ್ತ ಉಪ್ಪು ತಾಳುತ್ತದೆ, ಖರೆ. ಎಷ್ಟು ತಾಳುತ್ತದೆ? ಬಳಚು ಹೆಕ್ಕಿ ಮಕ್ಕಳನ್ನು ಓದಿಸಿದವರು ಎಲ್ಲಿಗೆ ಹೋಗಬೇಕು?"

ಅದೂ ನಿಜ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ನದಿ ಅಘನಾಶಿನಿ. ಸಿಹಿ ಉಪ್ಪುಗಳು ದಿನಕ್ಕೆರಡು ಬಾರಿ ಬೆರೆಯುವ ಅದರ ಅಳಿವೆಯಲ್ಲಿ ಬಳಚು, ಸಿಗಡಿ, ಕಾಂಡ್ಲಾ ಗಿಡಗಳು ಹುಲುಸಾಗಿವೆ. ಸಾಣಿಕಟ್ಟಾದ ಉಪ್ಪಿನ ಆಗರಗಳಿಗೂ ಅದೇ ಆಸರೆ. ದೊಡ್ಡ ಬಂದರು, ಉಷ್ಣ ವಿದ್ಯುತ್ ಸ್ಥಾವರಗಳ ಪ್ರಸ್ತಾವ ತದಡಿಗೆ ಬಂದಾಗ ಜನ ವಿರೋಧಿಸಿದ್ದು ಇದಕ್ಕಾಗಿಯೇ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ 'ರಾಮ್ಸಾರ್' ಪಟ್ಟಿಗೆ ಸೇರಿತು.

ಅಪ್ಪ ಮತ್ತು ಅಜ್ಜ ಆ ರಾತ್ರಿ ಒಂದು ತೀರ್ಮಾನಕ್ಕೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಆದರೆ ಮಗಳ ನೋಟುಬುಕ್ಕಿನಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು: ಹಡಗು ಎಷ್ಟು ಆಳ ಕೇಳುತ್ತದೆ ಎಂಬುದನ್ನು ಮೊದಲು ಅಳೆಯಬೇಕು, ಆ ಆಳಕ್ಕೆ ಯಾರು ಏನು ಕೊಡಬೇಕಾಗುತ್ತದೆ ಎಂಬುದನ್ನು ಆಮೇಲೆ ಕೂಡಬೇಕು, ಎರಡೂ ತಿಳಿದ ಮೇಲೆ ವಾದ ಮಾಡಬೇಕು.

ಹಡಗಿನ ಟಿಕೆಟ್ ಎಲ್ಲ ಮನೆಗಳಿಗೂ ಎಟಕುವಂಥದಲ್ಲ. ಚಿಂತೆಯಿಲ್ಲ. ಮೊಟ್ಟೆಯೊಂದನ್ನು ಸಿಹಿನೀರಿನ ಲೋಟದಲ್ಲಿ ಬಿಡಿ, ಮುಳುಗುತ್ತದೆ. ಸಾಣಿಕಟ್ಟಾದ ಉಪ್ಪು ಬೆರೆಸುತ್ತ ಹೋಗಿ, ತೇಲುತ್ತದೆ. ಎಷ್ಟು ಚಮಚಕ್ಕೆ ಎಂದು ಬರೆದಿಡಿ. ಇನ್ನು ರಜೆಯ ಒಂದು ದಿನ ಪಾಲಕರು ಮಕ್ಕಳೊಡನೆ ತದಡಿಯ ಧಕ್ಕೆಗೋ ಹತ್ತಿರದ ಹೊಳೆದಂಡೆಗೋ ಹೋಗಲಿ. ಗೇಣುಗೇಣಿಗೆ ಗುರುತು ಹಾಕಿದ ಬಿದಿರಿನ ಗಳ ನೆಟ್ಟು ಭರತ ಇಳಿತಗಳನ್ನು ಅಳೆಯಲಿ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹೊತ್ತು ಬೇಕು. ಮರುದಿನ ಅದೇ ಭರತ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಏಕೆ ತಡ ಎಂದು ಮಕ್ಕಳು ಕೇಳಿದರೆ ಉತ್ತರ ಹೇಳಲು ಅವಸರ ಬೇಡ. ಅಂದು ರಾತ್ರಿ ಅಂಗಳಕ್ಕೆ ಕರೆತಂದು ಚಂದ್ರನನ್ನು ತೋರಿಸಿ. ಮರುದಿನವೂ ಅದೇ ಹೊತ್ತಿಗೆ ತೋರಿಸಿ.