ಗಡಿ ಹಾಕಬ್ಯಾಡ್ರಿ, ಕೋಣೆ ಕಟ್ಟಿಸ್ರಿ!

ಕಾರಟಗಿ ಪಟ್ಟಣದ, ಸುತ್ತಲಿನ ಹಳ್ಳಿ ಮತ್ತು ಕ್ಯಾಂಪುಗಳ ಪಾಲಕ ಬಂಧುಗಳೇ,

ಹೈಸ್ಕೂಲ್ ಅಡ್ಮಿಷನ್ ಶುರುವಾದರೆ ಸಾಕು, ನಮ್ಮೂರಲ್ಲಿ ಜಗಳವೂ ಶುರು. ಪಟ್ಟಣದ ತಂದೆಯೊಬ್ಬರು, "ಹಳ್ಳಿ ಹುಡುಗ್ರನ್ನೆಲ್ಲ ಇಲ್ಲೇ ತುಂಬಿದ್ರ ನಮ್ಮ ಮಕ್ಕಳು ಎಲ್ಲಿ ಕುಂದ್ರಬೇಕ್ರಿ? ಇಂಥಾ ಊರಿಗೆ ಇಂಥಾ ಸಾಲಿ ಅಂತ ಗಡಿ ಹಾಕಿಬಿಡ್ರಿ" ಅನ್ನುತ್ತಾರೆ. ಅಲ್ಲೇ ಟಿಸಿ ಹಿಡಿದು ನಿಂತ ಹಳ್ಳಿಯ ತಾಯಿ, "ನಮ್ಮೂರಾಗ ಏಳನೆತ್ತಿಗೇ ಸಾಲಿ ಮುಗೀತೈತಿ ಯಪ್ಪಾ, ನನ್ನ ಮಗಳನ್ನ ಇನ್ನ ಎಲ್ಲಿಗೆ ಕಳಸ್ಲಿ, ನಾಟಿ ಹಚ್ಚಾಕ?" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಆದರೆ ಉತ್ತರ ಕೊಡಬೇಕಾದವರನ್ನು ಬಿಟ್ಟು ನಾವು ನಾವೇ ಬಡಿದಾಡುತ್ತಿದ್ದೇವೆ. ಈ ಕರಪತ್ರ ಬರೆದಿರುವುದು ಅದಕ್ಕೇ.

ಪಾಲಕರ ಸಭೆಗೆ ಹೋದ ದಿನ ನಾನು ಜೇಬಿನಲ್ಲಿ ಅಳತೆ ಟೇಪ್ ಇಟ್ಟುಕೊಂಡು ಹೋಗಿದ್ದೆ. ನನ್ನ ಮಗಳು ಕೂರುವ ಬೆಂಚನ್ನು ಅಳೆದೆ. ನಾಲ್ಕು ಅಡಿ. ಅದರ ಮೇಲೆ ಐದು ಹುಡುಗಿಯರು. ಒಬ್ಬೊಬ್ಬಳಿಗೆ ಹತ್ತು ಇಂಚೂ ಬೀಳುವುದಿಲ್ಲ. ತುದಿಯಲ್ಲಿ ಕೂತವಳ ಒಂದು ಕಾಲು ಹೊರಗೆ, ನೋಟ್‌ಬುಕ್ ತೊಡೆಯ ಮೇಲೆ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದಂತೆ. ತುದಿ ಯಾರಿಗೆ ಎಂದು ಹುಡುಗಿಯರೇ ಮಾತಾಡಿಕೊಂಡು ಹಂಚಿಕೊಂಡಿದ್ದಾರೆ. ಅವರಲ್ಲಿ ಇಬ್ಬರು ಪಟ್ಟಣದವರು, ಮೂವರು ಹಳ್ಳಿಯವರು. ಹತ್ತು ಇಂಚಿನಲ್ಲಿ ಮಕ್ಕಳು ಜಗಳವಿಲ್ಲದೆ ಕೂತಿದ್ದಾರೆ, ಹೊರಗೆ ನಾವು ಕಿತ್ತಾಡುತ್ತಿದ್ದೇವೆ. ಭತ್ತದ ಚೀಲವನ್ನಾದರೂ ಗೋದಾಮಿನಲ್ಲಿ ಗಾಳಿಯಾಡುವಂತೆ ಅಟ್ಟಿ ಹಚ್ಚುತ್ತೇವಲ್ಲ!

ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಕಾರಟಗಿ ಬೆಳೆಯಿತು. ರೈಸ್ ಮಿಲ್ಲುಗಳು ಎದ್ದವು, ದುಡಿಯಲು ಜನ ಬಂದರು, 2018ರಲ್ಲಿ ತಾಲೂಕು ಕೇಂದ್ರವಾಯಿತು, ರೈಲೂ ಬಂತು. ಮರ್ಲಾನಹಳ್ಳಿ, ಯರಡೋಣ, ಚಳ್ಳೂರು, ಬೂದಗುಂಪಾ ಕಡೆಯವರಿಗೆಲ್ಲ ಸಂತೆ, ಆಸ್ಪತ್ರೆ, ಕಚೇರಿ ಕೆಲಸಕ್ಕೆ ಇದೇ ಊರು. ಹಾಗಿರುವಾಗ ಅವರ ಮಕ್ಕಳು ಮಾತ್ರ ಇಲ್ಲಿಗೆ ಬರಬಾರದು ಎಂದರೆ ಅದು ನ್ಯಾಯವಲ್ಲ. ನಮ್ಮ ಮಿಲ್ಲಿಗೆ ಅವರ ಭತ್ತ ಬೇಕು, ಅವರ ಮಕ್ಕಳು ಬೇಡವೇ?

ಕಾನೂನು ಏನನ್ನುತ್ತದೆ, ಅದನ್ನೂ ತಿಳಿಯೋಣ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದವರೆಗಿನ ಪ್ರತಿ ಮಗುವಿಗೂ ನೆರೆಹೊರೆಯಲ್ಲಿ ಶಾಲೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. "ನೆರೆಹೊರೆ" ಎಂಬ ಆ ಮಾತು ಸರ್ಕಾರವನ್ನು ಕಟ್ಟಿಹಾಕಲು ಬರೆದದ್ದು, ಮಗುವನ್ನು ತಡೆಯಲು ಅಲ್ಲ. ಎಂಟನೆತ್ತಿಯೂ ಈ ಹಕ್ಕಿನೊಳಗೇ ಬರುತ್ತದೆ. ಏಳನೆತ್ತಿಗೆ ಶಾಲೆ ಮುಗಿಯುವ ಹಳ್ಳಿಯವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹತ್ತಿರದಲ್ಲಿ ಶಾಲೆ ಇಲ್ಲದ ಮಕ್ಕಳಿಗೆ ಸಾರಿಗೆ ಭತ್ಯೆ ಕೊಡಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಒಂಬತ್ತು, ಹತ್ತನೆತ್ತಿಗೆ ಆ ಕಾಯ್ದೆಯ ಆಸರೆ ಇಲ್ಲ, ನಿಜ. ಆದರೆ 2009ರಲ್ಲಿ ಮಾಧ್ಯಮಿಕ ಶಿಕ್ಷಣ ಅಭಿಯಾನ ತಂದಾಗ 5 ಕಿಲೋಮೀಟರಿನೊಳಗೆ ಪ್ರೌಢಶಾಲೆ, 30 ಮಕ್ಕಳಿಗೊಬ್ಬ ಶಿಕ್ಷಕ ಎಂಬ ಗುರಿಯನ್ನು ಸರ್ಕಾರವೇ ಬರೆದುಕೊಂಡಿದೆ. ನಾವು ಕೇಳುತ್ತಿರುವುದು ಆ ಬರಹದ ಲೆಕ್ಕ.

ಇನ್ನು ಸುರಕ್ಷತೆ. ಬೆಳಿಗ್ಗೆ ಎಂಟೂವರೆಗೆ ಗಂಗಾವತಿ–ಸಿಂಧನೂರು ರಸ್ತೆಯಲ್ಲಿ ಒಮ್ಮೆ ನಿಂತು ನೋಡಿ. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಹುಡುಗರು, ಟಂಟಂನಲ್ಲಿ ಡ್ರೈವರನ ಎರಡೂ ಮಗ್ಗಲು ಮಕ್ಕಳು, ಹಿಂದೆ ಹಾರ್ನ್ ಹೊಡೆಯುತ್ತ ಬರುವ ಲಾರಿ. ಸುಗ್ಗಿಯಲ್ಲಂತೂ ಭತ್ತ ಹೇರಿದ ಟ್ರ್ಯಾಕ್ಟರ್‌ಗಳು ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು, ಅದು ದೊಡ್ಡ ಉಪಕಾರ. ಆದರೆ ಶಾಲೆಯ ಹೊತ್ತಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಎಂಟನೆತ್ತಿ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ಲೂ ಕೋವಿಡ್ ಬಂದ ಮೇಲೆ ನಿಂತಿತು. ಪಕ್ಕದ ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ಕಪಗಲ್ ಹತ್ತಿರ 2024ರ ಸೆಪ್ಟೆಂಬರ್ 5ರಂದು ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು, ಕೆಲವರು ಕಾಲು ಕಳೆದುಕೊಂಡರು. ಅವತ್ತು ಶಿಕ್ಷಕರ ದಿನಾಚರಣೆ. ಮಕ್ಕಳು ಬೆಳಿಗ್ಗೆ ಖುಷಿಯಿಂದ ಹೊರಟಿದ್ದರು.

ಶಾಲೆಯೊಳಗೆ ಹೊಕ್ಕರೆ ಅಪಾಯ ಮುಗಿಯಿತು ಅಂತಲೂ ಅಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಮಕ್ಕಳನ್ನು ಕಿಕ್ಕಿರಿಯುವಂತೆ ತುಂಬಿದ್ದ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಹೋದರು. ಹೊರಗೆ ಓಡಲು ಸರಿಯಾದ ದಾರಿಯೇ ಇರಲಿಲ್ಲ. ಆಮೇಲೆ, 2009ರಲ್ಲಿ, ಸುರಕ್ಷಿತ ಶಾಲೆ ಮಕ್ಕಳ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಯ ಸೂರು ಕುಸಿದು ಏಳು ಮಕ್ಕಳು ಸತ್ತರು. ಯಾರನ್ನೂ ಹೆದರಿಸಲು ಇದನ್ನು ಬರೆದಿಲ್ಲ. ಸೋರುವ ಮಾಳಿಗೆ, ಬಿರುಕು ಬಿಟ್ಟ ಗೋಡೆ, ಚಿಲಕವಿಲ್ಲದ ಶೌಚಾಲಯ, ಕಾಂಪೌಂಡ್ ಇಲ್ಲದ ಆವರಣ ಕಂಡರೂ ನಾವು "ಹೆಂಗೋ ನಡೀತೈತಿ" ಅನ್ನುತ್ತ ಬಂದಿದ್ದೇವೆ. ಆ ಮಾತನ್ನು ಇವತ್ತಿಗೆ ಬಿಡೋಣ.

ಗಡಿ ಹಾಕಿದರೆ ಏನಾಗುತ್ತದೆ, ಯೋಚಿಸಿ. ಪಟ್ಟಣದ ಬೆಂಚಿನಲ್ಲಿ ಎರಡು ವರ್ಷ ಸ್ವಲ್ಪ ಜಾಗವಾದೀತು. ಹಳ್ಳಿಯ ಗಂಡು ಹುಡುಗರು ಹೇಗೋ ಇನ್ನೊಂದು ಊರಿಗೆ ಹೋದಾರು. ಹುಡುಗಿಯರು ಮನೆಯಲ್ಲಿ ಉಳಿಯುತ್ತಾರೆ. ಆಮೇಲೆ ಏನಾಗುತ್ತದೆ ಎಂಬುದು ನಮ್ಮ ಭಾಗದ ಹೆಣ್ಣು ಹೆತ್ತವರಿಗೆ ಗೊತ್ತು: ಮೊದಲು ಕಳೆ ತೆಗೆಯುವ ಕೂಲಿ, ಹಿಂದೆಯೇ ಗಂಡು ನೋಡುವ ಮಾತು. ಇದಕ್ಕೆ ನಾವು ಕೈ ಹಚ್ಚಬಾರದು.

ಹಣವಿಲ್ಲ ಎಂಬ ಮಾತನ್ನು ಒಪ್ಪಬೇಡಿ. ಈ ಭಾಗ ಹಿಂದುಳಿದಿದೆ ಎಂದೇ 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು 371(ಜೆ) ಸೇರಿಸಿದರು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಿದ್ದಾರೆ. ಶಿಕ್ಷಣಕ್ಕೆಂದೇ ಅದರಲ್ಲಿ "ಅಕ್ಷರ ಆವಿಷ್ಕಾರ" ಕಾರ್ಯಕ್ರಮವಿದೆ. ಕರ್ನಾಟಕ ಪಬ್ಲಿಕ್ ಶಾಲೆ ಬರಲಿ, ಮಕ್ಕಳು ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣದಲ್ಲಿ ಕಲಿಯಲಿ, ಸಂತೋಷ. ಆದರೆ ಅದರ ಹೆಸರಿನಲ್ಲಿ ಸುತ್ತಲಿನ ಸಣ್ಣ ಶಾಲೆಗೆ ಬೀಗ ಬೀಳಬಾರದು. ಬಿದ್ದರೆ ಈಗಿನ ನೂಕುನುಗ್ಗಲು ದುಪ್ಪಟ್ಟಾಗುತ್ತದೆ.

ನಾವು ಕೇಳುವುದಿಷ್ಟು. ಮಕ್ಕಳು ಹೆಚ್ಚಿರುವ ಹೈಸ್ಕೂಲಿಗೆ ಹೊಸ ಸೆಕ್ಷನ್ ಕೊಡಲಿ, ಅದಕ್ಕೆ ತಕ್ಕ ಕೋಣೆ, ಕಾಯಂ ಶಿಕ್ಷಕರು ಜೊತೆಗೇ ಬರಲಿ. ಬರೀ ಆದೇಶ ಬಂದು ವರಾಂಡದಲ್ಲಿ ಪಾಠ ನಡೆಯುವುದು ಬೇಡ. ಏಳಕ್ಕೆ ಮುಗಿಯುವ ದೊಡ್ಡ ಹಳ್ಳಿಗಳ ಶಾಲೆಯನ್ನು ಮೊದಲು ಎಂಟಕ್ಕೆ, ಆಮೇಲೆ ಹತ್ತಕ್ಕೆ ಏರಿಸಲಿ. ಪ್ರತಿ ಕಟ್ಟಡವನ್ನೂ ಎಂಜಿನಿಯರ್ ಬಂದು ನೋಡಿ, ಏನು ಕಂಡರೆಂಬುದನ್ನು ಶಾಲೆಯ ಗೋಡೆಗೆ ಅಂಟಿಸಲಿ. ಶಾಲೆಯ ಹೊತ್ತಿಗೆ ಹೆಚ್ಚುವರಿ ಬಸ್, ಶಾಲೆಯ ಮುಂದೆ ರಸ್ತೆ ಉಬ್ಬು, ಗೇಟಿಗೊಬ್ಬ ಕಾವಲುಗಾರ ಬೇಕು. ಸೈಕಲ್ ಮತ್ತೆ ಕೊಡಲಿ.

ತಾಯಂದಿರಿಗೆ ಒಂದು ಮಾತು. ಹಿರಿಯ ಪ್ರಾಥಮಿಕ ಶಾಲೆಗಳ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಸಭೆಗೆ ಯಜಮಾನರನ್ನು ಕಳಿಸಿ ಸುಮ್ಮನಾಗಬೇಡಿ, ನೀವೇ ಹೋಗಿ. ಮಕ್ಕಳ ಗ್ರಾಮಸಭೆ ನಡೆದಾಗ ಮಕ್ಕಳನ್ನೂ ಮಾತಾಡಲು ಬಿಡಿ. ಮಗುವಿಗೆ ಯಾರಿಂದಲಾದರೂ ಕಿರುಕುಳವಾದರೆ ಸಹಾಯವಾಣಿ 1098. ಮನೆಯಲ್ಲಿ ಮಕ್ಕಳಿಗೆ ಈ ನಂಬರ್ ಬಾಯಿಪಾಠ ಮಾಡಿಸಿ.

ಈ ಹಾಳೆಯ ಹಿಂದಿನ ಮಗ್ಗಲು ಖಾಲಿ ಬಿಟ್ಟಿದ್ದೇವೆ. ನಿಮ್ಮ ಮಗುವಿನ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಬೆಂಚುಗಳಿವೆ, ಮನೆಯಿಂದ ಶಾಲೆ ಎಷ್ಟು ಕಿಲೋಮೀಟರ್, ಮಗು ಯಾವುದರಲ್ಲಿ ಹೋಗಿಬರುತ್ತದೆ ಎಂದು ಅದರಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಮಗುವಿನಿಂದಲೇ ಬರೆಸಿ, ಸಹಿ ಅಥವಾ ಹೆಬ್ಬೆಟ್ಟು ಒತ್ತಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಾವು ನಿಂತಿರುತ್ತೇವೆ, ನಮ್ಮ ಕೈಗೆ ಕೊಡಿ. ಎಲ್ಲ ಹಾಳೆಗಳನ್ನೂ ಒಟ್ಟು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಕೊಪ್ಪಳದಲ್ಲಿ ಉಪನಿರ್ದೇಶಕರಿಗೆ, ನಮ್ಮ ಶಾಸಕರಿಗೆ ಮುಟ್ಟಿಸಿ ಸ್ವೀಕೃತಿ ಪಡೆಯುತ್ತೇವೆ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಹತ್ತು ರೂಪಾಯಿ ಫೀ, ಮೂವತ್ತು ದಿನದೊಳಗೆ ಅವರು ಉತ್ತರ ಕೊಡಲೇಬೇಕು.

ಪಟ್ಟಣದವರೂ ಬನ್ನಿ, ಹಳ್ಳಿಯವರೂ ಬನ್ನಿ. ಹಾಳೆ ತುಂಬದೆ ಮಡಚಿ ಇಡಬೇಡಿ.

— ಕಾರಟಗಿ ಮತ್ತು ಸುತ್ತಲಿನ ಹಳ್ಳಿಗಳ ಪಾಲಕರು