ಹಳೆಯ ಹಾಡಿಗೆ ಸಂತೆ, ಹೊಸ ಹಾಡಿಗೆ ಚಿಂತೆ

ನಾಡೆಲ್ಲ ಹೆಸರಾದ ಹಾಡುಗಾರನೊಬ್ಬ ತಲೆ ನರೆತ ಮೇಲೆ ಹೊಸ ಹಾಡುಗಳನ್ನು ಕಟ್ಟಿ ತಂದರೆ ಕೊಳ್ಳುವವರು ಸಿಗುವುದಿಲ್ಲ. ಅದೇ ಮನುಷ್ಯ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ಹಾಡಿದ್ದನ್ನು ಮತ್ತೊಮ್ಮೆ ಹಾಡುತ್ತಾನೆಂದು ಡಂಗುರ ಸಾರಿದರೆ ಮೈದಾನ ತುಂಬುತ್ತದೆ. ಇಂಗ್ಲೆಂಡು ಅಮೇರಿಕಗಳ ಹಳೆಯ ರಾಕ್ ತಂಡಗಳ ಪಾಡು ಇದು. ಗಿರಣಿಯಲ್ಲಿ ಪಾಳಿ ಮುಗಿಸಿ ಬಂದವನಿಗೂ, ಅಂಗಡಿಯ ಬಾಗಿಲು ಹಾಕಿ ಮನೆಗೆ ಹೊರಟವನಿಗೂ ಆ ಪರದೇಶದ ಪಂಚಾಯತಿ ಏಕೆ ಎಂದು ವಾಚಕರು ಕೇಳಬಹುದು. ಆದರೆ ಗಣೇಶನ ಹಬ್ಬದ ಆರ್ಕೆಸ್ಟ್ರಾಕ್ಕೆ ನಾವು ಬರೆದು ಕಳಿಸುವ ಚೀಟಿಗಳನ್ನು ಒಮ್ಮೆ ನೆನೆದುಕೊಳ್ಳಿ. ಅದರಲ್ಲಿ ಇರುವುದೆಲ್ಲ ಮೂವತ್ತು ನಲವತ್ತು ವರ್ಷದ ಹಿಂದಿನ ಹಾಡು. ಆದುದರಿಂದ ಈ ಪ್ರಶ್ನೆ ಲಂಡನ್ನಿಗೆ ಎಷ್ಟು ಸೇರಿದ್ದೋ ಹೊಸಪೇಟೆ, ಕಂಪ್ಲಿ, ಸಂಡೂರುಗಳಿಗೂ ಅಷ್ಟೇ ಸೇರಿದ್ದು.

ಮೊದಲು ಲೆಕ್ಕ ನೋಡೋಣ. ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲಿಷ್ ತಂಡ 1962ರಲ್ಲಿ ಹುಟ್ಟಿತು. ಅವರು 1978ರಲ್ಲಿ ತಂದ ಆಲ್ಬಂ, ಎಂದರೆ ಹತ್ತು ಹಾಡುಗಳ ಒಂದು ಕಟ್ಟು, ಅಮೇರಿಕ ಒಂದರಲ್ಲೇ 60 ಲಕ್ಷ ಮಾರಾಟವಾಯಿತು. 2005ರಲ್ಲಿ ತಂದ ಹೊಸ ಆಲ್ಬಂ ಅದರ ಹತ್ತಿರಕ್ಕೂ ಬರಲಿಲ್ಲ. ಆದರೆ ಆ ಆಲ್ಬಮಿನ ಹೆಸರಿನಲ್ಲೇ 2005ರಿಂದ 2007ರವರೆಗೆ ಅವರು ದೇಶ ದೇಶ ತಿರುಗಿದಾಗ ಟಿಕೆಟ್ಟಿನಿಂದ ಬಂದ ಹಣ 55 ಕೋಟಿ ಡಾಲರಿಗೂ ಹೆಚ್ಚು. ಜನ ಬಂದದ್ದು ಯಾವ ಹಾಡಿಗೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಮೇಲೆ ಅವರು ಸ್ವಂತವಾಗಿ ಬರೆದ ಹೊಸ ಹಾಡುಗಳ ಆಲ್ಬಂ ತಂದದ್ದು 2023ರಲ್ಲಿ, 18 ವರ್ಷ ಕಳೆದ ಮೇಲೆ. ನಡುವೆ 2016ರಲ್ಲಿ ಒಂದು ತಂದರು. ಅದರಲ್ಲಿದ್ದದ್ದೂ ಬೇರೆಯವರ ಹಳೆಯ ಹಾಡುಗಳೇ. ಈ ಧನಿಕರಿಗಾಗಿ ನಾವು ಕಣ್ಣೀರು ಹಾಕಬೇಕಾದ್ದಿಲ್ಲ. ಅವರ ಕತೆಯಲ್ಲಿ ಹಾಡಿನ ವ್ಯಾಪಾರದ ನಿಯಮ ದೊಡ್ಡ ಅಕ್ಷರದಲ್ಲಿ ಬರೆದಂತೆ ಕಾಣುತ್ತದೆ, ಅದಕ್ಕಾಗಿ ಹೇಳಿದೆವು.

ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ವಯಸ್ಸಾದವನ ಗಂಟಲಿನಲ್ಲಿ ಸತ್ವವಿಲ್ಲ ಎಂಬುದು ಒಂದು. ಜನರ ಕಿವಿ ಜಡವಾಗಿದೆ, ಹೊಸದು ಹಿಡಿಸುವುದಿಲ್ಲ ಎಂಬುದು ಇನ್ನೊಂದು. ಸತ್ವ ಇಲ್ಲದಿದ್ದರೆ ಅದೇ ಗಂಟಲನ್ನು ಕೇಳಲು ಸಾವಿರಗಟ್ಟಲೆ ಕೊಟ್ಟು ಟಿಕೆಟ್ಟು ಕೊಳ್ಳುವುದೇಕೆ? ಕಿವಿಯ ಮಾತಿಗೆ ನಮ್ಮ ನಾಡಿನಲ್ಲೇ ಉತ್ತರವಿದೆ. ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ನೂರು ವರ್ಷವಾದ ಮೇಲೆ ಸಿ. ಅಶ್ವತ್ಥ್ ಆ ಪದಗಳಿಗೆ ಹೊಸ ಧಾಟಿ ಹಾಕಿದರು. 1990ರ ಚಲನಚಿತ್ರದ ಮೂಲಕ ಅವು ಹಳ್ಳಿ ಹಳ್ಳಿಗೆ ಹೋದವು. ಧಾಟಿ ಹೊಸತೆಂದು ಯಾರೂ ದೂರ ತಳ್ಳಲಿಲ್ಲ. ಈಗ ಅದೇ ಹಳೆಯ ಧಾಟಿ ಎನಿಸಿಕೊಂಡಿದೆ. ಜನರ ಕಿವಿಗೆ ಹೊಸದನ್ನು ಒಗ್ಗಿಸಿಕೊಳ್ಳುವ ಶಕ್ತಿ ಇದೆ. ಹಾಗಾದರೆ ಗಂಟು ಎಲ್ಲಿ ಬಿದ್ದಿದೆ?

ಅದನ್ನು ತಿಳಿಯಲು ನಮ್ಮ ದರೋಜಿಗೆ ಬರಬೇಕು. ಸಂಡೂರು ತಾಲ್ಲೂಕಿನ ಈ ಊರಿನ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದವರು ಬುರ್ರಕಥಾ ಈರಮ್ಮನವರು. ಅಕ್ಷರ ಕಲಿಯದ, ಬುಡ್ಗ ಜಂಗಮರ ಮನೆಯ ಹೆಣ್ಣುಮಗಳು. ಹನ್ನೆರಡು ಮಹಾಕಾವ್ಯಗಳು ಅವರ ಬಾಯಲ್ಲಿದ್ದವು. ಬರೆದರೆ ಏಳು ಸಾವಿರ ಪುಟವಾದೀತೆಂದು ವಿದ್ವಾಂಸರು ಲೆಕ್ಕ ಹಾಕಿದರು. ಈ ಸೀಮೆಯದೇ ವೀರನಾದ ಕುಮಾರರಾಮನ ಕತೆ ಅವುಗಳಲ್ಲಿ ಒಂದು. ಕಂಪ್ಲಿಯ ಅರಸನ ಮಗನ ಕತೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಮುಂದೇನಾಗುತ್ತದೆಂದು ಎದುರಿಗೆ ಕುಳಿತ ಮುದುಕಿಯೂ ಬಲ್ಲಳು, ಮಗುವೂ ಬಲ್ಲದು. ಆದರೂ ರಾತ್ರಿಯಿಡೀ ಕುಳಿತು ಕೇಳುತ್ತಿದ್ದರು.

ಏಕೆಂದರೆ ಬಾಯಿಪಾಠದ ಕತೆ ಎಂದರೆ ಅಚ್ಚು ಹೊಡೆದ ಇಟ್ಟಿಗೆಯಂತಲ್ಲ. ಕತೆಯ ಬೆನ್ನೆಲುಬು ಹಳೆಯದು. ಮೈಮಾಂಸವನ್ನು ಕಥೆಗಾರ್ತಿ ಆ ರಾತ್ರಿ, ಆ ಊರಿಗೆ, ಆ ಜನಕ್ಕೆ ತಕ್ಕಂತೆ ಕಟ್ಟುತ್ತಾಳೆ. ಕೇಳುವವರು ಅತ್ತರೆ ಅಲ್ಲಿ ನಿಲ್ಲುತ್ತಾಳೆ, ಆಕಳಿಸಿದರೆ ಮುಂದೆ ಓಡಿಸುತ್ತಾಳೆ. ಹಿಮ್ಮೇಳದವರು ಬುರ್ರ ಬಾರಿಸಿ ದನಿಗೂಡಿಸಿದಂತೆ ಮಾತು ಬೆಳೆಯುತ್ತದೆ. ಅಲ್ಲಿ ಹಳೆಯ ಹಾಡು, ಹೊಸ ಹಾಡು ಎಂಬ ಎರಡು ಪಂಗಡಗಳೇ ಇಲ್ಲ. ಹಳೆಯದೇ ಪ್ರತಿ ರಾತ್ರಿ ಹೊಸದಾಗುತ್ತಿತ್ತು. ಮುಖ್ಯವಾದ ಇನ್ನೊಂದು ಸಂಗತಿ: ಪ್ರತಿ ರಾತ್ರಿಯ ದುಡಿಮೆಗೆ ಪ್ರತಿ ರಾತ್ರಿ ಕೂಲಿ ಇತ್ತು, ಕಾಳೋ ಬಟ್ಟೆಯೋ ಕಾಸೋ ಕೊಡಲೇಬೇಕಾಗಿತ್ತು. ಕಳೆದ ವರ್ಷದ ಈರಮ್ಮನನ್ನು ಕರೆತಂದು ಈ ವರ್ಷದ ಈರಮ್ಮನ ಎದುರಿಗೆ ಕೂರಿಸಿ ಕೂಲಿ ಉಳಿಸಿಕೊಳ್ಳುವ ಯಂತ್ರ ಊರಗೌಡನ ಹತ್ತಿರ ಇರಲಿಲ್ಲ.

ಆ ಯಂತ್ರ ಬಂತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಹಾಡುಗಾರ್ತಿ ಗ್ರಾಮಫೋನ್ ಕಂಪನಿಯ ಕೊಳವೆಯ ಮುಂದೆ ನಿಂತರು. ಗಂಟೆಗಟ್ಟಲೆ ಹರಿಯುವ ಸಂಗೀತವನ್ನು ಸುಮಾರು ಮೂರು ನಿಮಿಷಕ್ಕೆ ಮಡಚಿ ಒಂದು ಪ್ಲೇಟಿಗೆ ತುಂಬಿದರು. ಹಾಡುಗಾರ್ತಿ ಮಲಗಿದ್ದರೂ ಆಕೆಯ ದನಿ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು. ದೇಶವೆಲ್ಲ ಆಕೆಯ ಪ್ಲೇಟು ತಿರುಗಿತು. ಆಕೆ ಮಾತ್ರ ಕೊನೆಗಾಲದಲ್ಲಿ, 1928ರಲ್ಲಿ, ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಆನೆ ಬದುಕಿದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಆ ಸಾವಿರ ಆನೆಯ ಕೈಗಂತೂ ಬರುವುದಿಲ್ಲ.

ಗಿರಣಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನೆ ದುಡಿದದ್ದು ಯಂತ್ರದ ರೂಪ ತಾಳಿ ಇಂದು ದುಡಿಯುವವನ ಎದುರಾಳಿಯಾಗುವುದನ್ನು ಅವರು ದಿನವೂ ನೋಡುತ್ತಾರೆ. ಹಾಡುಗಾರನ ಪಾಡು ಅದೇ. ಅರವತ್ತರ ಹಾಡುಗಾರನಿಗೆ ಪೇಟೆಯಲ್ಲಿ ಪೈಪೋಟಿ ಕೊಡುವವನು ಇಪ್ಪತ್ತೈದರ ಅವನೇ. ಆ ಯುವಕನಿಗೆ ದಣಿವಿಲ್ಲ, ಊಟ ಬೇಡ, ಸಂಬಳ ಬೇಡ, ದನಿ ಒಡೆಯುವುದಿಲ್ಲ. ಹೀಗಿರುವಲ್ಲಿ ಬದುಕಿರುವವನು ಗೆಲ್ಲುವುದು ಹೇಗೆ?

ಈಗ ವ್ಯಾಪಾರಿ ಮಿತ್ರರ ಲೆಕ್ಕಕ್ಕೆ ಬರೋಣ. ಕನ್ನಡದಲ್ಲಿ ಭಾವಗೀತೆಗಳ ಮೊದಲ ಧ್ವನಿಸುರುಳಿ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಕವಿ ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ. ಆ ಮೇಲಿನ ಇಪ್ಪತ್ತು ವರ್ಷ ಕ್ಯಾಸೆಟ್ಟಿನ ಕಾಲ. ಬಸ್‌ಸ್ಟ್ಯಾಂಡಿನ ಪಕ್ಕದ ಸಣ್ಣ ಅಂಗಡಿಯವನು ಕೈಯಿಂದ ಹಣ ಹಾಕಿ ಮಾಲು ತರಬೇಕು. ಹಳೆಯ ಕ್ಯಾಸೆಟ್ಟು ಇಂದಲ್ಲ ನಾಳೆ ಹೋಗುತ್ತದೆಂಬ ಭರವಸೆ ಅವನಿಗಿದೆ; ಹೊಸದು ಹೋಗದಿದ್ದರೆ ಬಡ್ಡಿ ಅವನ ತಲೆಯ ಮೇಲೆ. ಅವನು ಹಳೆಯದು ಹತ್ತು, ಹೊಸದು ಎರಡು ತರಿಸಿದರೆ ಅದು ಅವನ ತಪ್ಪಲ್ಲ. ಆದರೆ ಎರಡೇ ತರಿಸಿದ್ದು ಎಷ್ಟು ಮಾರೀತು? ಎರಡೇ ಮಾರೀತು. ಈಗ ಕ್ಯಾಸೆಟ್ಟೂ ಹೋಯಿತು, ಸಿ.ಡಿ.ಯೂ ಹೋಯಿತು, ಆ ಅಂಗಡಿಯವನು ಮೊಬೈಲಿಗೆ ರೀಚಾರ್ಜು ಮಾಡುತ್ತ ಕುಳಿತಿದ್ದಾನೆ. ಹಾಡು ಫೋನಿನಲ್ಲಿ ಪುಕ್ಕಟೆ ಬರುತ್ತದೆ. ಹೆಚ್ಚು ಜನ ಕೇಳಿದ್ದನ್ನೇ ಫೋನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಹತ್ತಕ್ಕೆ ಎರಡು ಇದ್ದ ಲೆಕ್ಕ ಇನ್ನೂ ಕೆಟ್ಟಿತು.

ಕಂಪನಿಯವನ ಲೆಕ್ಕ ಬೇರೆ. ಹೊಸ ಹಾಡೆಂದರೆ ಅವನಿಗೆ ಬಿತ್ತನೆ, ಗೊಬ್ಬರ, ಆಳು, ಮಳೆಯ ಚಿಂತೆ. ಹಳೆಯ ಹಾಡೆಂದರೆ ಗೇಣಿ. ಉಳದೆ, ಬಿತ್ತದೆ, ಕಾಲು ಮಣ್ಣು ಮಾಡಿಕೊಳ್ಳದೆ ವರ್ಷ ವರ್ಷವೂ ಮನೆಗೆ ಬಂದು ಬೀಳುವ ಫಸಲು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಒಡೆತನ 60 ವರ್ಷ. ಚಿತ್ರಗೀತೆ ಬರೆದವನಿಗೂ ರಾಗ ಹಾಕಿದವನಿಗೂ ಕರಾರಿನಲ್ಲಿ ಬರೆಯದ ಹೊರತು ಹಕ್ಕಿಲ್ಲ, ಅದು ನಿರ್ಮಾಪಕನದು ಎಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. 2012ರಲ್ಲಿ ಪಾರ್ಲಿಮೆಂಟು ಕಾನೂನು ತಿದ್ದಿ, ಅವರ ರಾಯಧನದ ಪಾಲನ್ನು ಬರೆಸಿಕೊಂಡು ಬಿಡುವಂತಿಲ್ಲ ಎಂದು ಮಾಡಿತು. 35 ವರ್ಷ ತಡವಾಗಿ ಬಂದ ನ್ಯಾಯ ಅದು. ಪರಂಪರೆಯಿಂದ ಬಂದ ಕತೆಗೆ ಮಾತ್ರ ಇಂದಿಗೂ ಕರ್ತೃವಿನ ಹಕ್ಕಿಲ್ಲ. ಅದನ್ನು ಬಾಯಲ್ಲಿ ಬದುಕಿಸಿದವರಿಗೆ ಶಾಲು, ಹಣ್ಣಿನ ಬುಟ್ಟಿ.

ಬಂಡವಾಳ ಯಾವ ಕಡೆಗೆ ಹರಿಯುತ್ತಿದೆ ಎಂಬುದನ್ನು ನೋಡಿದರೆ ಸಂಶಯ ಉಳಿಯುವುದಿಲ್ಲ. ಬಾಬ್ ಡಿಲನ್ ತಾವು ಬರೆದ ಹಾಡುಗಳ ಹಕ್ಕನ್ನು 2020ರಲ್ಲಿ ಯೂನಿವರ್ಸಲ್ ಕಂಪನಿಗೆ ಮಾರಿದರು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2021ರಲ್ಲಿ ಸೋನಿ ಕಂಪನಿಗೆ ಮಾರಿದರು. ಕೋಟಿಗಟ್ಟಲೆ ಸುರಿದು ಹಳೆಯ ಹಾಡು ಕೊಂಡವನು ಅಸಲು ಬಡ್ಡಿ ಎರಡನ್ನೂ ಹಳೆಯದರಿಂದಲೇ ಎತ್ತಬೇಕು. ಜಾಹೀರಾತಿನಲ್ಲಿ, ಚಿತ್ರದಲ್ಲಿ, ರೇಡಿಯೋದಲ್ಲಿ ಅದನ್ನೇ ನುಗ್ಗಿಸುತ್ತಾನೆ. 2022ರಲ್ಲಿ ಅಮೇರಿಕದಲ್ಲಿ ಜನ ಕೇಳಿದ ಸಂಗೀತದಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಹೊರಬಂದು ಒಂದೂವರೆ ವರ್ಷ ದಾಟಿದ ಹಾಡುಗಳದ್ದಾಗಿತ್ತು. ಮುದಿ ತಂಡದ ಹೊಸ ಆಲ್ಬಂ ಈ ಪ್ರವಾಹಕ್ಕೆ ಎದುರಾಗಿ ಈಜಬೇಕು.

ಇಷ್ಟಾದರೂ ಕೇಳುವವರಾದ ನಮ್ಮ ಪಾಲು ಏನೂ ಇಲ್ಲವೆಂದು ಹೇಳಲಾಗದು. ಹಾಡೊಂದು ಮನಸ್ಸಿಗೆ ಹತ್ತಬೇಕಾದರೆ ಹತ್ತು ಸಲವಾದರೂ ಕಿವಿಗೆ ಬೀಳಬೇಕು. ಮೊದಲ ಸಂಬಳ ಕೈಗೆ ಬಂದ ತಿಂಗಳು, ಮದುವೆ ಗೊತ್ತಾದ ವರ್ಷ, ಕೆಲಸಕ್ಕೆಂದು ಊರು ಬಿಟ್ಟ ದಿನ: ಆಗ ಕೇಳಿದ ಹಾಡು ನಮ್ಮ ಬದುಕಿಗೆ ಹೊಲಿದುಕೊಂಡು ಬಿಡುತ್ತದೆ. ಆ ಮೇಲೆ ಸಂಸಾರ, ಸಾಲ, ಓವರ್‌ಟೈಮು. ಹೊಸ ಹಾಡನ್ನು ಹತ್ತು ಸಲ ಕೇಳುವ ಬಿಡುವು ಎಲ್ಲಿ? ಬೆಲೆ ಹೆಚ್ಚಾದ್ದರಿಂದ ಜನ ಕೊಳ್ಳುವುದಿಲ್ಲ ಎಂಬ ಮಾತನ್ನೂ ಒಂದು ತಂಡ ಪರೀಕ್ಷಿಸಿ ನೋಡಿದೆ. 2014ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಯು2 ತಂಡ ಆ್ಯಪಲ್ ಕಂಪನಿಯೊಡನೆ ಸೇರಿ ತನ್ನ ಹೊಸ ಆಲ್ಬಮನ್ನು 50 ಕೋಟಿ ಗಿರಾಕಿಗಳ ಖಾತೆಗೆ ಪುಕ್ಕಟೆ ತುಂಬಿತು. ಕೇಳದೆ ಮನೆಯೊಳಗೆ ಇಟ್ಟು ಹೋದ ಸಾಮಾನು ಎಂದು ಜನ ಸಿಟ್ಟಿಗೆದ್ದರು. ಅದನ್ನು ಅಳಿಸಿಹಾಕುವ ಸಾಧನವನ್ನು ಕಂಪನಿಯೇ ಒದಗಿಸಬೇಕಾಯಿತು. ಪುಕ್ಕಟೆ ಕೊಟ್ಟರೂ ಬೇಡವೆಂದವರಿಗೆ ಕೊರತೆಯಾದದ್ದು ಕಾಸಲ್ಲ. ಬಿಡುವು ಮತ್ತು ಬಳಕೆ. ಎಂಟು ತಾಸಿನ ದುಡಿಮೆ, ಎಂಟು ತಾಸಿನ ನಿದ್ದೆ, ಎಂಟು ತಾಸು ನಮ್ಮದು ಎಂದು ಹಿಂದಿನವರು ಹೋರಾಡಿದ್ದು ಇದಕ್ಕಾಗಿಯೂ ಹೌದು.

ಹಿರಿಯರ ಹೊಸ ಹಾಡೆಲ್ಲ ಬಂಗಾರವೆಂದು ನಾವು ಹೇಳುವುದಿಲ್ಲ. ಹಣ ಹೆಚ್ಚಾಗಿ ಹಸಿವು ಕಡಿಮೆಯಾದ ತಂಡಗಳು ಸಪ್ಪೆ ಹಾಡು ತಂದದ್ದೂ ಉಂಟು. ಆದರೆ ಕೇಳಿ ಬೇಡವೆನ್ನುವುದು ಬೇರೆ, ಕೇಳದೆಯೇ ಬೇಡವೆನ್ನುವುದು ಬೇರೆ. ಅರವತ್ತು ದಾಟಿದವನಿಗೆ ಮಾತ್ರ ಹೇಳಲು ಬರುವ ಕೆಲವು ಮಾತುಗಳಿವೆ. ಸಾವು, ಸಾಲ, ಮಕ್ಕಳು ದೂರವಾದದ್ದು, ಕೈಯ ಕಸುವು ಇಳಿದದ್ದು: ಇವನ್ನು ಇಪ್ಪತ್ತೈದರ ಹುಡುಗ ಹಾಡಲಾರ. ಹಿರಿಯನ ಹಳೆಯ ಹಾಡನ್ನೇ ಕೇಳುತ್ತ ಕುಳಿತರೆ ನಮ್ಮ ವಯಸ್ಸಿನ ನೋವಿಗೆ ಹಾಡಿಲ್ಲದೆ ಹೋಗುತ್ತದೆ. ನಷ್ಟ ಅವನದಷ್ಟೇ ಅಲ್ಲ.

ನಮ್ಮ ಸೀಮೆಯಲ್ಲಿ ಈ ನಷ್ಟ ಇನ್ನೂ ಘೋರ. ರೋಲಿಂಗ್ ಸ್ಟೋನ್ಸ್‌ಗೆ ಹೊಸ ಹಾಡು ಮಾರದಿದ್ದರೆ ಹಳೆಯದರ ಗಂಟಾದರೂ ಇದೆ. ಬುರ್ರಕಥೆಯವರಿಗೆ, ಬಯಲಾಟದವರಿಗೆ, ಬಾಗಿಲು ಹಾಕಿದ ನಾಟಕ ಕಂಪನಿಗಳ ಹಾಡುಗಾರರಿಗೆ ಅದೂ ಇಲ್ಲ. ಈರಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 1999ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ. 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ಕಾವ್ಯಗಳು ಪುಸ್ತಕವಾಗಿ ಉಳಿದವು, ಒಳ್ಳೆಯದೇ ಆಯಿತು. ಆದರೆ ಪುಸ್ತಕ ನಮ್ಮ ಮುಖ ನೋಡಿ ಕತೆ ಬದಲಿಸುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಮಾತು ಬೇಡ; ಕೈಗೆ ಎಟುಕುವ ನಾಲ್ಕು ಕೆಲಸ ಹೇಳುತ್ತೇವೆ.

ಒಂದು: ಕಾರ್ಮಿಕ ಸಂಘದ ವಾರ್ಷಿಕೋತ್ಸವ, ಮೇ ದಿನ, ಓಣಿಯ ಗಣೇಶ, ಊರ ಜಾತ್ರೆ, ಎಲ್ಲಿಯಾದರೂ ಹಿರಿಯ ಕಲಾವಿದರನ್ನು ಕರೆದಾಗ ಮೊದಲ ಎರಡು ಹಾಡು ಅವರ ಹೊಸವು ಇರಲಿ. ಚೀಟಿ ಆ ಮೇಲೆ ಕಳಿಸೋಣ.

ಎರಡು: ಕೂಲಿಯನ್ನು ಮೊದಲೇ ಮಾತಾಡಿ, ಅಂದೇ ಕೈಗೆ ಕೊಡಬೇಕು. ಶಾಲು ಸಂಬಳವಾಗುವುದಿಲ್ಲ.

ಮೂರು: ಆ ರಾತ್ರಿಯ ಹಾಡನ್ನು ಫೋನಿನಲ್ಲಿ ಹಿಡಿದು ಲೋಕಕ್ಕೆಲ್ಲ ಹಂಚುವ ಮೊದಲು ಹಾಡಿದವರ ಒಪ್ಪಿಗೆ ಕೇಳಬೇಕು. ಅದರಿಂದ ಕಾಸು ಹುಟ್ಟಿದರೆ ಅವರ ಪಾಲು ಅವರಿಗೆ ಸೇರಬೇಕು.

ನಾಲ್ಕು: ವೃದ್ಧ ಕಲಾವಿದರ ಮಾಸಾಶನ ಬೇಡಿ ಪಡೆಯುವ ಭಿಕ್ಷೆಯಾಗಬಾರದು. ದುಡಿದವನ ಪಿಂಚಣಿಯಂತೆ ಹಕ್ಕಾಗಿ ಬರಬೇಕೆಂದು ಸಂಘಗಳು ತಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಸೇರಿಸಿಕೊಳ್ಳಲಿ.

ಗಿರಣಿಯಲ್ಲಿ ವಯಸ್ಸಾದ ಕೆಲಸಗಾರನನ್ನು, ನಿನ್ನ ಹಳೆಯ ದುಡಿಮೆ ಸಾಕು, ಹೊಸದು ಬೇಡ ಎಂದು ಮಾಲೀಕ ಹೊರಗೆ ಹಾಕಿದರೆ ನಾವು ಬಾಗಿಲಿಗೆ ಹೋಗಿ ಕೂರುತ್ತೇವೆ. ಹಾಡುವ ಕೆಲಸಗಾರನಿಗೆ ಅದೇ ಮಾತನ್ನು ನಾವೇ ಹೇಳಬಾರದು. ಮುಂದಿನ ಹಬ್ಬಕ್ಕೆ ಚಂದಾ ಎತ್ತುವ ದಿನ ದೂರವಿಲ್ಲ. ಯಾರನ್ನು ಕರೆಯಬೇಕು, ಏನು ಹಾಡಿಸಬೇಕು ಎಂಬುದನ್ನು ಈಗಲೇ ಕುಳಿತು ಮಾತಾಡಿಕೊಳ್ಳಿ.